ಮೊದಲು ತೋಟಾ, ಆಮೇಲೆ ಕೋವಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ನೆಲೆಸಿರುವ ನಮ್ಮ ಕೆಲವು ಓದುಗರು ಅಲ್ಲಿನ ಬಾತು, ಪಾರಿವಾಳಗಳ ಶೂಟಿಂಗಿಗೆ ಇಳಿದಿದ್ದಾರೆ. ಕೈಗೆಟುಕುವ ಬೆಲೆಯ, ನಂಬಬಹುದಾದ, ಒಂದು ಈಡು ಹಾರಿದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ ಯಾವುದು ಎಂದು ಅವರು ಬರೆದ ಪತ್ರಗಳಿಗೆ ಈ ಸಲದ ಪುಟಗಳು ಮೀಸಲು. ಅದೇ ವಿಷಯವಾಗಿ ಕೊಡಗಿನಿಂದ ಬಂದ ಒಂದು ಪತ್ರವನ್ನೂ ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: ಶಾಟ್‌ಗನ್ ಸರ್ಟಿಫಿಕೇಟ್, ಎಂದರೆ ಪೊಲೀಸರ ಪರವಾನಗಿ, ಸಿಕ್ಕಿದೆ. ಚಳಿಗಾಲದಲ್ಲಿ ವಾಷ್ ಕೊಲ್ಲಿಯ ಜೌಗಿನಲ್ಲಿ ಬಾತು ಮತ್ತು ಹೆಬ್ಬಾತು, ಉಳಿದ ತಿಂಗಳುಗಳಲ್ಲಿ ರೈತರೊಬ್ಬರ ಹೊಲದಲ್ಲಿ ಪಾರಿವಾಳ. ಎರಡಕ್ಕೂ ಒಂದೇ ಕೋವಿ ಸಾಕೆ? ಗ್ಯಾಸ್ ಕೋವಿ ಒಳ್ಳೆಯದೋ, ಇನರ್ಷಿಯಾ ಕೋವಿಯೋ? ಹೆಚ್ಚು ಹಣ ಹಾಕುವ ಸ್ಥಿತಿಯಲ್ಲಿ ಇಲ್ಲ.
(ಓದುಗರು, ಬಾಸ್ಟನ್, ಲಿಂಕನ್‌ಶೈರ್)

ಒಂದೇ ಕೋವಿ ಸಾಕು. ಆದರೆ ಅಂಗಡಿಗೆ ಹೋಗುವ ಮೊದಲು, ವರ್ಷವಿಡೀ ನೀವು ಹಾಕಲಿರುವ ತೋಟಾಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜೋಡುನಳಿಗೆ ಕೋವಿಯನ್ನು ಮುರಿದು, ಎಂದರೆ ಕೀಲಿನ ಬಳಿ ಬಾಗಿಸಿ ತೆರೆದು, ಖಾಲಿ ಚಿಪ್ಪು ತೆಗೆದು ಹೊಸದು ತುಂಬುವುದು ನಿಮ್ಮ ಕೈ. ಹಾಗಾಗಿ ಮೆತ್ತಗಿನ ತೋಟಾವೂ ಅದರಲ್ಲಿ ನಡೆಯುತ್ತದೆ. ಸೆಮಿ ಆಟೊದಲ್ಲಿ ಆ ಕೆಲಸವನ್ನೆಲ್ಲ ಮಾಡುವುದು ತೋಟಾದ ಬಲವೇ. ಬಲ ಸಾಲದಿದ್ದರೆ ಚಿಪ್ಪು ಅರ್ಧ ಹೊರಬಂದು ಸಿಕ್ಕಿಕೊಳ್ಳುತ್ತದೆ. ‘ಕೋವಿ ಕೆಟ್ಟದು’ ಎಂಬ ದೂರುಗಳಲ್ಲಿ ಬಹಳಷ್ಟು ನಿಜಕ್ಕೂ ಕೋವಿಗೂ ತೋಟಾಕ್ಕೂ ಹೊಂದಾಣಿಕೆ ಇಲ್ಲದ ದೂರುಗಳು.

ನಿಮ್ಮ ಚೀಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಪಾರಿವಾಳಕ್ಕೆ 12 ಬೋರಿನ 28 ಅಥವಾ 30 ಗ್ರಾಂ ತೋಟಾ, ಬಾತಿಗೆ 32 ಗ್ರಾಂ ಸ್ಟೀಲ್ ಚರೆ, ಹೆಬ್ಬಾತಿಗೆ 36 ಗ್ರಾಂ ಸ್ಟೀಲ್ ಚರೆ. ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ. ಗ್ರಾಂ ಲೆಕ್ಕ ತೋಟಾದೊಳಗಿನ ಚರೆಯ, ಎಂದರೆ ಸಣ್ಣ ಗುಂಡುಗಳ ತೂಕ. ಈ ಮೂರನ್ನೂ ತಡೆಯಿಲ್ಲದೆ ನುಂಗುವ ಕೋವಿ ನಿಮಗೆ ಬೇಕಾದದ್ದು. ಕ್ರೀಡೆಯಲ್ಲಿ ಗಾಳಿಗೆ ಹಾರಿಸುವ ಮಣ್ಣಿನ ತಟ್ಟೆಗೆ ಹೊಡೆಯುವ 21 ಅಥವಾ 24 ಗ್ರಾಂ ತೋಟಾವೂ ಚೀಟಿಯಲ್ಲಿದ್ದರೆ ಆಯ್ಕೆ ಬೇರೆ ದಿಕ್ಕಿಗೆ ಹೋಗುತ್ತದೆ.

ಈಗ ಎರಡು ಬಗೆಯ ಯಂತ್ರದ ವಿಷಯ. ಗ್ಯಾಸ್ ಕೋವಿಯ ನಳಿಗೆಯ ಕೆಳಭಾಗದಲ್ಲಿ ಸಣ್ಣ ರಂಧ್ರಗಳಿವೆ. ಚರೆ ಅದನ್ನು ದಾಟುತ್ತಿದ್ದಂತೆ ಸ್ವಲ್ಪ ಬಿಸಿ ಅನಿಲ ಕೆಳಗಿಳಿದು ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನು ತೋಟಾದ ಹಿಂದೆ ಬಾಗಿಲಿನಂತೆ ಮುಚ್ಚಿಕೊಳ್ಳುವ ಬೋಲ್ಟನ್ನು ಹಿಂದಕ್ಕೆ ದೂಡುತ್ತದೆ. ಹೆಚ್ಚಾದ ಅನಿಲವನ್ನು ಒಂದು ಕವಾಟ ಹೊರಗೆ ಬಿಡುತ್ತದೆ. ಒದೆತ ಒಂದೇ ಏಟಿಗೆ ಬಾರದೆ ಹರಡಿಕೊಂಡು ಬರುವುದರಿಂದ ಹೆಗಲಿಗೆ ಹಿತ. ಬೆಲೆಯಾಗಿ ಪಿಸ್ಟನ್ ಮೇಲೆ ಮಸಿ ಕಟ್ಟುತ್ತದೆ, ಅದನ್ನು ತೆಗೆಯುವ ಕೆಲಸ ನಿಮ್ಮದು.

ಇನರ್ಷಿಯಾ ಕೋವಿಯಲ್ಲಿ ಅನಿಲದ ಪಾತ್ರವಿಲ್ಲ. ನಿಂತ ಬಸ್ಸು ಫಕ್ಕನೆ ಮುಂದೆ ಹೋದಾಗ ಒಳಗೆ ನಿಂತವರು ಇದ್ದಲ್ಲೇ ಉಳಿದು ಹಿಂದಕ್ಕೆ ವಾಲುತ್ತಾರಲ್ಲ, ಅದೇ ತತ್ವ. ಈಡು ಹಾರಿದಾಗ ಕೋವಿಯಿಡೀ ಹಿಂದಕ್ಕೆ ಒದೆಯುತ್ತದೆ, ಬೋಲ್ಟಿನ ಭಾರದ ಭಾಗ ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ಅದಕ್ಕೂ ಬೋಲ್ಟಿನ ತಿರುಗುವ ತಲೆಗೂ ನಡುವೆ ಇರುವ ಗಟ್ಟಿ ಸ್ಪ್ರಿಂಗು ಅಮುಕಿಕೊಂಡು, ಮರುಕ್ಷಣ ಬಿಚ್ಚಿ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಬೆನೆಲ್ಲಿ ಕಂಪನಿ ಹೆಸರು ಮಾಡಿದ್ದು ಈ ವ್ಯವಸ್ಥೆಯಿಂದಲೇ. ಒಳಗೆ ಭಾಗಗಳು ಕಡಿಮೆ, ಮಸಿ ಕಡಿಮೆ, ತೂಕವೂ ಕಡಿಮೆ. ಒದೆತ ಮಾತ್ರ ಜೋರು. ಒದೆತವೇ ಇದರ ಉಸಿರು ಎಂಬುದನ್ನು ನೆನಪಿಡಿ: ಮೆತ್ತಗಿನ ತೋಟಾ ಹಾಕಿದರೆ, ಕೋವಿಗೆ ಹೆಚ್ಚು ಭಾರ ಕಟ್ಟಿದರೆ, ಹಿಂದೆ ಸರಿಯಲು ಜಾಗವಿಲ್ಲದಂತೆ ಬುಡವನ್ನು ಗಟ್ಟಿ ವಸ್ತುವಿಗೆ ಒತ್ತಿಟ್ಟರೆ ಅದು ತಡವರಿಸುತ್ತದೆ.

ಪಾರಿವಾಳಕ್ಕಾಗಿ ಅಡಗಿ ಕಾಯುವ ಮರೆಯಲ್ಲಿ ಒಳ್ಳೆಯ ದಿನ ಸಿಕ್ಕಿದರೆ ನೂರೈವತ್ತು, ಇನ್ನೂರು ತೋಟಾ ಖಾಲಿಯಾಗುತ್ತದೆ. ಅಲ್ಲಿ ಗ್ಯಾಸ್ ಕೋವಿಯ ಮೆದು ಒದೆತ ದೊಡ್ಡ ಉಪಕಾರ, ಸಂಜೆ ಹೊತ್ತಿಗೆ ಗುರಿ ತಪ್ಪುವುದು ಹೆಚ್ಚಾಗಿ ಹೆಗಲು ನೊಂದಿದ್ದರಿಂದ. ಜೌಗಿನಲ್ಲಿ ಹಾರಿಸುವುದು ನಾಲ್ಕೋ ಹತ್ತೋ ಈಡು. ಅಲ್ಲಿನ ಶತ್ರು ಉಪ್ಪುನೀರು, ಮರಳು, ಕೆಸರು. ಅಲ್ಲಿ ಸರಳ ಒಡಲಿನ ಇನರ್ಷಿಯಾ ಕೋವಿ ಮೇಲುಗೈ. ನೀವು ಬರೆದದ್ದನ್ನು ನೋಡಿದರೆ ತೋಟಾಗಳಲ್ಲಿ ಬಹುಪಾಲು ಪಾರಿವಾಳಕ್ಕೇ ಖರ್ಚಾಗುತ್ತದೆ. ಆದ್ದರಿಂದ ನಮ್ಮ ಸಲಹೆ ಗ್ಯಾಸ್ ಕೋವಿ: 28 ಇಂಚಿನ ನಳಿಗೆ, 76 ಮಿ.ಮೀ. ಚೇಂಬರ್ (ತೋಟಾ ಕೂರುವ ಗೂಡು), ಒಳಗೆ ಕ್ರೋಮ್ ಲೇಪನ, ಹೆಗಲಿಗೆ ಇಡುವ ಸ್ಟಾಕ್ ಮರದ ಬದಲು ಸಿಂಥೆಟಿಕ್, ಬಿಚ್ಚಿ ಬದಲಿಸುವ ಚೋಕ್ (ಚರೆ ಹರಡುವುದನ್ನು ಹಿಡಿತದಲ್ಲಿಡಲು ನಳಿಗೆಯ ತುದಿಯನ್ನು ಕಿರಿದು ಮಾಡುವ ಕೊಳವೆ).

ಹೆಸರು ಹೇಳಲೇಬೇಕೆಂದರೆ ಹೊಸದರಲ್ಲಿ ವಿಂಚೆಸ್ಟರ್ ಎಸ್ಎಕ್ಸ್4 ಮತ್ತು ಬೆರೆಟಾ ಎ300 ಸರಣಿ, ಇವೆರಡರಲ್ಲಿ ನಿಮ್ಮ ಕೆನ್ನೆಗೆ ಸರಿಯಾಗಿ ಕೂರುವುದು. ಅಷ್ಟು ಹಣ ಇಲ್ಲದಿದ್ದರೆ ಟರ್ಕಿಯ ಹಾತ್ಸಾನ್ ಎಸ್ಕಾರ್ಟ್. ಅದರ ಕೆಲಸಗಾರಿಕೆ ಒರಟು, ಆದರೆ ಬೆಲೆಗೆ ತಕ್ಕ ದುಡಿಮೆ ಮಾಡುತ್ತದೆ. ಇನರ್ಷಿಯಾ ಬೇಕೆಂದವರಿಗೆ ಅಗ್ಗದ ದಾರಿ ಸ್ಟೋಗರ್ ಎಂ3000, ಅದರ ಮೇಲಿನ ಮೆಟ್ಟಿಲು ಫ್ರಾಂಕಿ ಅಫಿನಿಟಿ, ಇನ್ನೂ ಮೇಲೆ ಬೆನೆಲ್ಲಿ ಎಂ2. ಮೂರೂ ಬೆರೆಟಾ ಬಳಗದ ಮನೆಗಳಿಂದಲೇ ಬರುತ್ತವೆ, ಬಿಡಿಭಾಗ ಹುಡುಕಿ ಅಲೆಯಬೇಕಿಲ್ಲ. ಅಗ್ಗದ ಕೋವಿ ಕೊಳ್ಳುವಾಗ ಇದೇ ಮೊದಲ ಪ್ರಶ್ನೆಯಾಗಲಿ: ಮುಂದಿನ ವರ್ಷ ಖಾಲಿ ಚಿಪ್ಪನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆ ಮುರಿದರೆ ಯಾರು ಕೊಡುತ್ತಾರೆ, ಎಷ್ಟು ದಿನದಲ್ಲಿ? ಅಂಗಡಿಯವರು ಇದಕ್ಕೆ ನೇರ ಉತ್ತರ ಕೊಡದಿದ್ದರೆ ಆ ಮಾದರಿಯನ್ನು ಬಿಟ್ಟುಬಿಡಿ.

ಪ್ರಶ್ನೆ: ಮೂರೂವರೆ ಇಂಚಿನ ಚೇಂಬರ್ ಇದ್ದರೆ ಎಲ್ಲ ತೋಟಾಗಳೂ ಹಿಡಿಸುತ್ತವೆ, ಅದನ್ನೇ ತಗೊಳ್ಳಿ ಅನ್ನುತ್ತಾರೆ. ಸರಿಯೇ? ಸ್ಟೀಲ್ ಚರೆಯ ಬಗ್ಗೆಯೂ ಸ್ವಲ್ಪ ಬಿಡಿಸಿ ಹೇಳಿ.
(ಓದುಗರು, ಕಿಂಗ್ಸ್ ಲಿನ್, ನಾರ್ಫಕ್)

ಹಿಡಿಸುತ್ತವೆ ನಿಜ, ಎಲ್ಲವೂ ಸರಾಗವಾಗಿ ಓಡುತ್ತವೆ ಎಂದಲ್ಲ. 89 ಮಿ.ಮೀ.ನ ದೈತ್ಯ ತೋಟಾವನ್ನೂ 28 ಗ್ರಾಂನದ್ದನ್ನೂ ಒಂದೇ ಯಂತ್ರ ಓಡಿಸಬೇಕೆಂದರೆ ಅದರ ಕವಾಟ ತುಂಬ ಚೆನ್ನಾಗಿರಬೇಕು. ದುಬಾರಿ ಕೋವಿಗಳಲ್ಲಿ ಅದು ಇರುತ್ತದೆ. ಅಗ್ಗದವುಗಳಲ್ಲಿ ಮೆತ್ತಗಿನ ತೋಟಾ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. 76 ಮಿ.ಮೀ. ಚೇಂಬರಿನಲ್ಲಿ 36 ಗ್ರಾಂ ಸ್ಟೀಲ್ ಹಾಕಿದರೆ ಹತ್ತಿರ ಬಂದ ಹೆಬ್ಬಾತಿಗೆ ಏನೂ ಕಡಿಮೆಯಾಗುವುದಿಲ್ಲ. ದೂರದ ಹಕ್ಕಿಗೆ ದೊಡ್ಡ ತೋಟಾ ಎಂಬ ಲೆಕ್ಕಾಚಾರವೇ ತಪ್ಪು. ಅದರಿಂದ ಸಾಯುವ ಹಕ್ಕಿಗಿಂತ ಗಾಯಗೊಂಡು ದೂರ ಹೋಗಿ ನರಳುವ ಹಕ್ಕಿಯೇ ಹೆಚ್ಚು. ಸ್ಟೀಲಿಗೆ 35 ಮೀಟರ್ ಎಂದು ಮನಸ್ಸಿನಲ್ಲಿ ಗೆರೆ ಎಳೆದುಕೊಳ್ಳಿ, ಅದರಾಚೆಯದನ್ನು ಬಿಡಿ.

ಸ್ಟೀಲ್ ಯಾಕೆಂದರೆ, ಇಂಗ್ಲೆಂಡಿನಲ್ಲಿ 1999ರ ನಿಯಮದ ಪ್ರಕಾರ ಬಾತು, ಹೆಬ್ಬಾತುಗಳಿಗೆ ಎಲ್ಲಿಯೇ ಆದರೂ ಸೀಸದ ಚರೆ ಹಾರಿಸುವಂತಿಲ್ಲ, ಸಮುದ್ರದಂಚಿನ ಉಬ್ಬರದ ನೆಲದಲ್ಲಂತೂ ಯಾವ ಹಕ್ಕಿಗೂ ಇಲ್ಲ. ಪಾರಿವಾಳಕ್ಕೆ ಇನ್ನೂ ಸೀಸ ಹಾಕುತ್ತಿರುವವರೂ ಬದಲಾಗಬೇಕಾದ ಕಾಲ ಹತ್ತಿರವಿದೆ. ಸೀಸದ ಚರೆಯನ್ನು ನಿಲ್ಲಿಸುವುದಾಗಿ, ಅದಕ್ಕೆ ಮೂರು ವರ್ಷದ ಅವಧಿ ಕೊಡುವುದಾಗಿ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿದೆ. ಇಂದು ಕೊಳ್ಳುವ ಕೋವಿ ನಾಳೆ ಪೂರಾ ಸ್ಟೀಲಿನಲ್ಲೇ ಬಾಳಬೇಕು.

ಸ್ಟೀಲ್ ಸೀಸಕ್ಕಿಂತ ಹಗುರ. ಅದೇ ಗಾತ್ರದ ಚರೆ ಬೇಗ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಸೀಸದಲ್ಲಿ ಹಾಕುತ್ತಿದ್ದುದಕ್ಕಿಂತ ಎರಡು ನಂಬರ್ ದಪ್ಪ ಹಾಕಿ. ನಂಬರ್ ಇಳಿದಂತೆ ಚರೆ ದಪ್ಪವಾಗುತ್ತದೆ. ಪಾರಿವಾಳಕ್ಕೆ ಸೀಸದ 6 ಇದ್ದಲ್ಲಿ ಸ್ಟೀಲಿನ 4, ಎಂದರೆ 3.1 ಮಿ.ಮೀ. ಚರೆ. ಮರೆಯ ಮುಂದೆ ಹತ್ತಿರದಲ್ಲೇ ಇಳಿಯುವ ಪಾರಿವಾಳಕ್ಕೆ 5 ಕೂಡ ಸಾಕು. ಮಲಾರ್ಡ್, ವಿಜನ್ ಬಾತುಗಳಿಗೆ 3. ಪುಟ್ಟ ಟೀಲ್ ಬಾತಿಗೆ 4. ಹೆಬ್ಬಾತಿಗೆ 1 ಅಥವಾ ಅದಕ್ಕಿಂತಲೂ ದಪ್ಪದ ಬಿಬಿ. ಈ ನಂಬರುಗಳು ಬ್ರಿಟಿಷ್ ಲೆಕ್ಕದವು. ಅಮೆರಿಕದ, ಇಟಲಿಯ ಪೆಟ್ಟಿಗೆಗಳಲ್ಲಿ ಅದೇ ನಂಬರಿಗೆ ಬೇರೆ ಗಾತ್ರ ಇರಬಹುದು, ಮಿಲಿಮೀಟರ್ ನೋಡಿ ಕೊಳ್ಳಿ.

ಪೆಟ್ಟಿಗೆಯ ಮೇಲೆ ‘ಸ್ಟ್ಯಾಂಡರ್ಡ್ ಸ್ಟೀಲ್’ ಎಂದಿದ್ದರೆ ಅದರ ಒತ್ತಡದ ಮಿತಿ 740 ಬಾರ್. ‘ಹೈ ಪರ್ಫಾರ್ಮೆನ್ಸ್’ ಎಂದಿದ್ದರೆ 1050 ಬಾರ್. ಎರಡನೆಯದನ್ನು ಹಾಕಲು ನಳಿಗೆಯ ಮೇಲೆ ಸ್ಟೀಲ್ ಪ್ರೂಫಿನ (ಆ ತೋಟಾಕ್ಕೆ ನಳಿಗೆ ತಡೆಯುತ್ತದೆಂದು ಪರೀಕ್ಷಿಸಿದ) ಗುರುತು, ಅಂದರೆ ಮೂರು ದಳದ ಲಿಲ್ಲಿ ಹೂವಿನ ಮುದ್ರೆ ಇರಲೇಬೇಕು. ಇದು ಮಾತುಕತೆಯ ವಿಷಯವೇ ಅಲ್ಲ, ಕಣ್ಣಾರೆ ನೋಡಿ. 4 ಮಿ.ಮೀ.ಗಿಂತ ದಪ್ಪದ ಚರೆಗೆ ಅರ್ಧ ಚೋಕಿಗಿಂತ ಬಿಗಿಯಾದದ್ದು ಬೇಡ. ನಾವಂತೂ ಯಾವ ಸ್ಟೀಲಿಗೂ ಅರ್ಧಕ್ಕಿಂತ ಬಿಗಿ ಹಾಕಬೇಡಿ ಎಂದೇ ಹೇಳುತ್ತೇವೆ. ಸೀಸ ಕಿರಿದಾದ ಬಾಯಲ್ಲಿ ಹಿಸುಕಿಕೊಂಡು ಹೋಗುತ್ತದೆ, ಸ್ಟೀಲ್ ಹಿಸುಕಿಕೊಳ್ಳುವುದಿಲ್ಲ, ನಳಿಗೆಯ ತುದಿಯೇ ಉಬ್ಬಬೇಕಾಗುತ್ತದೆ.

ಪಾರಿವಾಳದ ಮರೆಗೆ ಕಾಲು ಚೋಕ್, ಬಾತಿಗೆ ಕಾಲು ಅಥವಾ ಅರ್ಧ. ದೊಡ್ಡ ಕಾಗದಕ್ಕೆ 30 ಮೀಟರಿನಿಂದ ಮೂರು ನಾಲ್ಕು ಈಡು ಹೊಡೆದು, ಚರೆ ದಟ್ಟವಾಗಿ ಬಿದ್ದ ಕಡೆ ಸುಮಾರು 76 ಸೆಂ.ಮೀ. ಅಗಲದ ವೃತ್ತ ಎಳೆದು ನೋಡಿ. ಅದರೊಳಗೆ ಅಂಗೈಯಗಲದ ಖಾಲಿ ಜಾಗಗಳು ಮತ್ತೆ ಮತ್ತೆ ಕಂಡರೆ ತೋಟಾ ಬದಲಿಸಿ ಇಲ್ಲವೇ ಚೋಕ್ ಬದಲಿಸಿ. ಒಂದು ಮಧ್ಯಾಹ್ನದ ಈ ಕೆಲಸವನ್ನು ತಪ್ಪಿಸಿಕೊಳ್ಳುವವರೇ ಬಹಳ, ಅದು ಹಕ್ಕಿಗೆ ಮಾಡುವ ಅನ್ಯಾಯ.

ಚೋಕುಗಳ ತಿರುಪಿನ ಹುರಿ ಕಂಪನಿಯಿಂದ ಕಂಪನಿಗೆ ಬೇರೆ. ಬೆರೆಟಾದ ಮೊಬಿಲ್‌ಚೋಕ್ ವಿಂಚೆಸ್ಟರಿನ ಇನ್ವೆಕ್ಟರ್ ಪ್ಲಸ್ ನಳಿಗೆಗೆ ಹೊಂದುವುದಿಲ್ಲ. ತುಸು ಹೊಂದಿದಂತೆ ಕಂಡರೂ ತಿರುಗಿಸಬೇಡಿ.

ಪ್ರಶ್ನೆ: ನನ್ನ ಇನರ್ಷಿಯಾ ಕೋವಿ ಎರಡು ಸಲ ಕೈಕೊಟ್ಟಿತು. ಬಾತು ನೇರ ತಲೆಮೇಲೆ ಬಂದಾಗ ಟ್ರಿಗರ್ ಎಳೆದರೆ ‘ಟಿಕ್’ ಎಂದಷ್ಟೇ ಸದ್ದು. ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕ್ಯಾಪಿನ ಮೇಲೆ ಗುರುತೂ ಸರಿಯಾಗಿ ಬಿದ್ದಿಲ್ಲ. ಅಂಗಡಿಯವರು ಏನೂ ದೋಷವಿಲ್ಲ ಅನ್ನುತ್ತಾರೆ.
(ಓದುಗರು, ಕಾರ್ಲೈಲ್)

ಇಬ್ಬರ ಮಾತೂ ನಿಜ. ಇನರ್ಷಿಯಾ ಕೋವಿಯ ಬೋಲ್ಟಿನ ತಲೆ ಕೊನೆಯ ಗಳಿಗೆಯಲ್ಲಿ ತಿರುಗಿ ಬೀಗ ಹಾಕಿಕೊಳ್ಳಬೇಕು. ಅದಕ್ಕೆ ಬೋಲ್ಟ್ ರಭಸದಿಂದ ಮುಚ್ಚಬೇಕು. ಮುಂಜಾವದ ಕತ್ತಲಲ್ಲಿ ಸದ್ದಾಗಬಾರದೆಂದು ಬೋಲ್ಟಿನ ಹಿಡಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದೆ ಬಿಟ್ಟರೆ ತಲೆ ಪೂರ್ತಿ ತಿರುಗುವುದಿಲ್ಲ. ಕೋವಿಯ ಬುಡ ನೆಲಕ್ಕೆ ಧಡ್ ಎಂದು ತಗುಲಿದರೂ, ಬೋಲ್ಟಿನ ಹಿಡಿ ಬಟ್ಟೆಗೆ ಸಿಕ್ಕಿ ತುಸು ಹಿಂದೆ ಬಂದರೂ ಹೀಗೇ. ನೋಡಲು ಮುಚ್ಚಿದಂತಿರುತ್ತದೆ, ಬೀಗ ಬಿದ್ದಿರುವುದಿಲ್ಲ.

ಬೋಲ್ಟನ್ನು ಪೂರ್ತಿ ಹಿಂದೆಳೆದು ಬಟನ್ ಒತ್ತಿ ತಾನಾಗಿ ಬಡಿದುಕೊಳ್ಳಲು ಬಿಡಿ. ಸದ್ದಾಗುತ್ತದೆ, ಆಗಲಿ, ಹಕ್ಕಿ ಬರುವ ಮುಂಚೆಯೇ ಮಾಡಿಕೊಳ್ಳಿ. ಕಾಯುವಾಗ ಆಗಾಗ ಬೋಲ್ಟಿನ ಹಿಡಿಯನ್ನು ಬೆರಳಿನಿಂದ ಮುಂದಕ್ಕೆ ಒತ್ತಿ ನೋಡಿ. ಹೀಗೆ ಮಾಡಿದರೂ ಮರುಕಳಿಸಿದರೆ ಚೇಂಬರಿನಲ್ಲಿ ಕಿಟ್ಟ ಕಟ್ಟಿದೆಯೇ, ಬೋಲ್ಟಿನ ತಲೆಯ ಸುತ್ತ ಹಳೆಯ ಎಣ್ಣೆ ಅಂಟಾಗಿದೆಯೇ, ಬೋಲ್ಟನ್ನು ಮುಂದೆ ತಳ್ಳುವ ಸ್ಪ್ರಿಂಗು ಸೊರಗಿದೆಯೇ ಎಂದು ಈ ಕ್ರಮದಲ್ಲೇ ನೋಡಿ. ಟ್ರಿಗರ್ ಎಳೆದು ಸದ್ದಷ್ಟೇ ಬಂದಾಗ ಮಾತ್ರ ಆತುರ ಬೇಡ. ನಳಿಗೆಯನ್ನು ಅಪಾಯವಿಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷ ಕಾಯಿರಿ, ಕೆಲವು ತೋಟಾಗಳು ತಡವಾಗಿ ಹಾರುತ್ತವೆ.

ಖಾಲಿ ಚಿಪ್ಪು ಹೊರಗೆ ಬೀಳದೆ ಸಿಕ್ಕಿಕೊಳ್ಳುವ ತೊಂದರೆಯೂ ಇದೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಹೊಸ ಇನರ್ಷಿಯಾ ಕೋವಿಗೆ ಮೊದಲ ನೂರು ತೋಟಾಗಳು 32 ಗ್ರಾಂ ಅಥವಾ ಅದಕ್ಕಿಂತ ಭಾರದವಾಗಿರಲಿ, ಯಂತ್ರ ಒಗ್ಗಿಕೊಳ್ಳುತ್ತದೆ. ಆಮೇಲೆ 28ಕ್ಕೆ ಇಳಿಯಿರಿ. 24 ಗ್ರಾಂನದ್ದು ಓಡದಿದ್ದರೆ ಅದನ್ನು ದೋಷವೆಂದು ಎಣಿಸಬೇಡಿ.

ಪ್ರಶ್ನೆ: ಹಳೆಯ ಸೆಮಿ ಆಟೊ ಕಡಿಮೆ ಬೆಲೆಗೆ ಬಂದಿದೆ. ಏನೇನು ನೋಡಿ ಕೊಳ್ಳಬೇಕು?
(ಓದುಗರು, ಶ್ರೂಸ್‌ಬರಿ)

ಮೊದಲು ಬೋಲ್ಟ್ ತೆರೆದು ಚೇಂಬರೂ, ಮುಂದಿನ ತೋಟಾಗಳು ಕಾದಿರುವ ಮ್ಯಾಗಜಿನ್ನೂ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಆಮೇಲೆ ಬಿಚ್ಚಲು ಕೇಳಿ. ಬಿಚ್ಚಲು ಬಿಡದವರಿಂದ ಕೊಳ್ಳಬೇಡಿ.

ಫೋರೆಂಡ್ ಎನ್ನುವ ಮುಂದಿನ ಹಿಡಿಯನ್ನು ತೆಗೆದು ಅದರ ಒಳಬದಿಗೆ ಬೆಳಕು ಬಿಡಿ. ತುದಿಯ ಮುಚ್ಚಳವನ್ನು ಸಡಿಲ ಬಿಟ್ಟು ಹೊಡೆದವರ ಕೋವಿಯಲ್ಲಿ ಇಲ್ಲಿ ಕೂದಲೆಳೆಯ ಬಿರುಕು ಇರುತ್ತದೆ, ಮರದ್ದಾದರೆ ಇನ್ನೂ ಹೆಚ್ಚು. ಗ್ಯಾಸ್ ಕೋವಿಯಾದರೆ ಪಿಸ್ಟನ್ನೂ ಅದು ಜಾರುವ ಮ್ಯಾಗಜಿನ್ ಕೊಳವೆಯೂ ಮುಖ್ಯ. ಮಸಿ ಇದ್ದರೆ ಹೆದರಬೇಡಿ, ಒರೆಸಿದರೆ ಹೋಗುತ್ತದೆ. ಮಸಿಯ ಕೆಳಗೆ ತುಕ್ಕು ತಿಂದ ಗುಳಿಗಳಿದ್ದರೆ ಹೆದರಿ. ಹಳೆಯ ರೆಮಿಂಗ್ಟನ್ 1100ರಂಥವುಗಳಲ್ಲಿ ಒಂದು ರಬ್ಬರ್ ಉಂಗುರವಿದೆ. ಅದು ಒಣಗಿ ಬಿರಿದರೆ ಅನಿಲ ಸೋರಿ ಕೋವಿ ಓಡುವುದಿಲ್ಲ. ಚಿಲ್ಲರೆ ಬೆಲೆಯ ಭಾಗ ಅದು, ಆ ದೋಷದ ಕೋವಿಯನ್ನು ಜಗ್ಗಾಡಿ ಇಳಿಸಿದ ಬೆಲೆಗೆ ಧೈರ್ಯವಾಗಿ ಕೊಳ್ಳಬಹುದು.

ನಳಿಗೆಯನ್ನು ಬೇರ್ಪಡಿಸಿ ಬೆಳಕಿಗೆ ಹಿಡಿದು ಎರಡೂ ಕಡೆಯಿಂದ ನೋಡಿ. ಒಳಗೆ ಬೆಳಕಿನ ಉಂಗುರಗಳು ಸಮವಾಗಿ ಕಾಣಬೇಕು. ಒಂದು ಉಂಗುರ ಬಾಗಿದ್ದರೆ ಅಲ್ಲಿ ತಗ್ಗು ಇಲ್ಲವೇ ಉಬ್ಬು. ಚೇಂಬರಿನ ಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದರೆ ಚಿಪ್ಪು ಅದಕ್ಕೆ ಅಂಟಿಕೊಳ್ಳುತ್ತದೆ, ಎಷ್ಟು ತೊಳೆದರೂ ಆ ಕಾಟ ಹೋಗುವುದಿಲ್ಲ. ಚೋಕನ್ನು ತಿರುಗಿಸಿ ಹೊರತೆಗೆಯಿರಿ. ಬರಲೊಲ್ಲದು ಎಂದರೆ ಹುರಿ ತುಕ್ಕು ಹಿಡಿದಿದೆ ಅಥವಾ ತುದಿ ಉಬ್ಬಿದೆ, ಎರಡೂ ಕೆಟ್ಟ ಸುದ್ದಿ.

ಜೌಗಿನಲ್ಲಿ ದುಡಿದ ಕೋವಿಯಾದರೆ ಸ್ಟಾಕ್ ಬಿಚ್ಚಿಸಲೇಬೇಕು. ಬೆನೆಲ್ಲಿಯೂ ಸೇರಿ ಹಲವು ಮಾದರಿಗಳಲ್ಲಿ ಬೋಲ್ಟನ್ನು ಮುಂದೆ ತಳ್ಳುವ ಸ್ಪ್ರಿಂಗು ಸ್ಟಾಕಿನೊಳಗಿನ ಕೊಳವೆಯಲ್ಲಿದೆ. ಉಪ್ಪುನೀರು ಅಲ್ಲಿಗೆ ಇಳಿದರೆ ಹೊರಬರಲು ದಾರಿಯಿಲ್ಲ. ಹೊರಗೆ ಕೋವಿ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಸ್ಪ್ರಿಂಗು ಕೆಂಪು ಪುಡಿಯಾಗುತ್ತಿರುತ್ತದೆ. ಫ್ರಾಂಕಿ ಅಫಿನಿಟಿಯಲ್ಲಿ ಆ ಸ್ಪ್ರಿಂಗು ಮ್ಯಾಗಜಿನ್ ಕೊಳವೆಯ ಸುತ್ತ ಇರುವುದರಿಂದ ಫೋರೆಂಡ್ ತೆಗೆದರೆ ಕಣ್ಣಿಗೇ ಬೀಳುತ್ತದೆ. ಸಮುದ್ರದಂಚಿನ ಶೂಟಿಂಗಿಗೆ ಅದೊಂದು ನಿಜವಾದ ಅನುಕೂಲ.

ಕೊನೆಗೆ ಮದ್ದಿಲ್ಲದ ಡಮ್ಮಿ ತೋಟಾ ಮೂರು ಹಾಕಿ ಕೈಯಿಂದ ಓಡಿಸಿ ನೋಡಿ. ಮ್ಯಾಗಜಿನ್ನಿನಿಂದ ಒಂದೊಂದೇ ಬರಬೇಕು. ಎರಡು ಒಟ್ಟಿಗೆ ನುಗ್ಗಿದರೆ ತಡೆಹಿಡಿಯುವ ಕೊಕ್ಕೆ ಸವೆದಿದೆ. ಸಾಧ್ಯವಾದರೆ ಮಣ್ಣಿನ ತಟ್ಟೆಯ ಮೈದಾನದಲ್ಲಿ, ನೀವು ಬಳಸುವ ತೋಟಾದಿಂದಲೇ ಒಂದು ಪೆಟ್ಟಿಗೆ, ಎಂದರೆ ಇಪ್ಪತ್ತೈದು ಹೊಡೆದು ನೋಡುವ ಷರತ್ತು ಹಾಕಿ. ಮ್ಯಾಗಜಿನ್ ಎರಡಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ಕಾಯಂ ಆಗಿ ಕಿರಿದು ಮಾಡಿದ ಗುರುತು ಮತ್ತು ಅದರ ಕಾಗದವನ್ನು ಕೇಳಿ ಪಡೆಯಿರಿ. ಖಾಸಗಿಯವರಿಂದ ಕೊಂಡರೆ ವರ್ಗಾವಣೆಯನ್ನು 7 ದಿನದೊಳಗೆ ಪೊಲೀಸರಿಗೆ ತಿಳಿಸಬೇಕು.

ಪ್ರಶ್ನೆ: ಎರಡು ಪ್ಲಸ್ ಒಂದು ಎನ್ನುತ್ತಾರಲ್ಲ, ಅದೇನು? ಪಾರಿವಾಳಕ್ಕೆ ಹೆಚ್ಚು ತೋಟಾ ಹಿಡಿಯುವ ಕೋವಿ ಇಟ್ಟುಕೊಳ್ಳಬಹುದೇ?
(ಓದುಗರು, ಪೀಟರ್‌ಬರೊ)

ಮ್ಯಾಗಜಿನ್ನಿನಲ್ಲಿ ಎರಡು, ಚೇಂಬರಿನಲ್ಲಿ ಒಂದು. ಐದು ವರ್ಷದ ಸಾಮಾನ್ಯ ಶಾಟ್‌ಗನ್ ಸರ್ಟಿಫಿಕೇಟಿನಡಿ ಇಟ್ಟುಕೊಳ್ಳಬಹುದಾದ ಸೆಮಿ ಆಟೊ ಇಷ್ಟೇ. ನಳಿಗೆಯೂ 24 ಇಂಚಿಗೆ ಕಡಿಮೆ ಇರಬಾರದು. ಹೆಚ್ಚು ಹಿಡಿಯುವ ಕೋವಿಗೆ ಬೇರೆಯದೇ ಆದ ಫೈರ್‌ಆರ್ಮ್ ಸರ್ಟಿಫಿಕೇಟ್ ಬೇಕು, ತಕ್ಕ ಕಾರಣವನ್ನು ಪೊಲೀಸರಿಗೆ ತೋರಿಸಬೇಕು. ಬಾತು, ಹೆಬ್ಬಾತುಗಳಿಗೆ ಅಂಥ ಕೋವಿಯನ್ನು 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಕಾಯ್ದೆ ಒಪ್ಪುವುದಿಲ್ಲ. ಎರಡೂ ಬಗೆಯ ಶೂಟಿಂಗ್ ಮಾಡುವವರಿಗೆ ಎರಡು ಪ್ಲಸ್ ಒಂದೇ ಸರಿ. ಮೂರನೆಯ ಈಡಿಗೇ ಪಾರಿವಾಳ ಕೈಮೀರಿ ಹೋಗಿರುತ್ತದೆ, ನಾಲ್ಕನೆಯದು ಬರೀ ಖರ್ಚು.

ಪಾರಿವಾಳವನ್ನು ವರ್ಷವಿಡೀ ಹೊಡೆಯಬಹುದು ಎಂಬ ಮಾತನ್ನು ಅರ್ಧ ಕೇಳಿಸಿಕೊಂಡು ಹೊರಡಬೇಡಿ. ಇಂಗ್ಲೆಂಡಿನಲ್ಲಿ ಅದು ಜಿಎಲ್42 ಎಂಬ ಸಾಮಾನ್ಯ ಪರವಾನಗಿಯಡಿ, ಬೆಳೆಗೆ ಗಂಭೀರ ಹಾನಿ ತಡೆಯಲೆಂದು ಮಾತ್ರ. ಹಕ್ಕಿ ಬೆದರಿಸುವಂಥ ಬೇರೆ ಉಪಾಯಗಳ ಲೆಕ್ಕವೂ ಅದರ ಷರತ್ತುಗಳಲ್ಲಿದೆ. ಹೊರಡುವ ಮುನ್ನ ಆ ವರ್ಷದ ಪ್ರತಿಯನ್ನು ಪೂರ್ತಿ ಓದಿ. ವೇಲ್ಸ್, ಸ್ಕಾಟ್ಲೆಂಡ್‌ಗಳ ಪರವಾನಗಿ ಬೇರೆ. ಬಾತಿನ ಕಾಲ ಸೆಪ್ಟೆಂಬರ್ 1ರಿಂದ ಒಳನಾಡಿನಲ್ಲಿ ಜನವರಿ 31ರವರೆಗೆ, ಸಮುದ್ರದಂಚಿನ ಉಬ್ಬರದ ನೆಲದಲ್ಲಿ ಫೆಬ್ರವರಿ 20ರವರೆಗೆ.

ಪ್ರಶ್ನೆ: ಜೌಗಿನಿಂದ ಬಂದ ಮೇಲೆ ಕೋವಿಯನ್ನು ಹೇಗೆ ನೋಡಿಕೊಳ್ಳಬೇಕು? ದಣಿದು ಬಂದಿರುತ್ತೇನೆ, ಮರುದಿನ ಮಾಡಿದರೆ ಆಗದೇ?
(ಓದುಗರು, ಲ್ಯಾಂಕಸ್ಟರ್)

ಆಗದು. ಉಪ್ಪು ರಾತ್ರಿಯೆಲ್ಲ ಕೆಲಸ ಮಾಡುತ್ತದೆ. ಬಟ್ಟೆ ಬದಲಿಸುವ ಮೊದಲೇ ಕೋವಿ ಖಾಲಿ ಇದೆಯೆಂದು ಇನ್ನೊಮ್ಮೆ ನೋಡಿ, ಬಿಚ್ಚಿ, ನಳಿಗೆಯ ಒಳಹೊರಗನ್ನು ಉಗುರು ಬೆಚ್ಚಗಿನ ಸಿಹಿನೀರಲ್ಲಿ ತೊಳೆಯಿರಿ. ಎಣ್ಣೆ ಉಪ್ಪನ್ನು ಕರಗಿಸುವುದಿಲ್ಲ, ನೀರು ಕರಗಿಸುತ್ತದೆ. ತೊಳೆಯದೆ ಎಣ್ಣೆ ಹಚ್ಚಿದರೆ ಉಪ್ಪನ್ನು ಒಳಗೆ ಮುಚ್ಚಿಟ್ಟಂತೆ. ಬಟ್ಟೆಯಿಂದ ಒರೆಸಿ, ಬಿಸಿ ಗಾಳಿ ಹತ್ತಿರದಿಂದ ತಾಗದ ಕಡೆ ಒಂದು ಗಂಟೆ ಒಣಗಲು ಬಿಡಿ. ನೀರು ದೂಡುವ ಎಣ್ಣೆಯನ್ನು ಮೊದಲು ಸಿಂಪಡಿಸಿ ಒರೆಸಿ, ಆಮೇಲೆ ಕೋವಿಯ ಎಣ್ಣೆಯನ್ನು ತೆಳುವಾಗಿ ಸವರಿ. ಬೋಲ್ಟಿಗೆ ಒಂದೆರಡು ಹನಿ ಸಾಕು. ಧಾರಾಳವಾಗಿ ಸುರಿದರೆ ಚಳಿಯಲ್ಲಿ ಅಂಟಾಗಿ, ಮರಳು ಹಿಡಿದು, ಬೋಲ್ಟ್ ನಿಧಾನವಾಗುತ್ತದೆ. ಗ್ಯಾಸ್ ಪಿಸ್ಟನ್ನಿಗಂತೂ ಕೋವಿಯ ಪುಸ್ತಕ ಹೇಳದಿದ್ದರೆ ಎಣ್ಣೆಯೇ ಬೇಡ, ಒಣದಾಗಿ ಒರೆಸಿಡಿ. ಎಣ್ಣೆ ಬಿಸಿಗೆ ಸುಟ್ಟು ಗಟ್ಟಿ ಕಿಟ್ಟವಾಗುತ್ತದೆ.

ಟ್ರಿಗರ್ ಘಟಕವನ್ನು ತಡೆಗೂಟ ತಳ್ಳಿ ಹೊರತೆಗೆದು ಸಣ್ಣ ಕುಂಚದಿಂದ ಮರಳು ಝಾಡಿಸಿ. ಚೋಕಿನ ಹುರಿಗೆ ಚಿಟಿಕೆ ಗ್ರೀಸ್ ಹಚ್ಚಿ ಮತ್ತೆ ಹಾಕಿ. ಸ್ಟಾಕಿನೊಳಗೆ ಸ್ಪ್ರಿಂಗು ಇರುವ ಕೋವಿಯಾದರೆ ಋತು ಮುಗಿದ ಮೇಲೆ ಒಮ್ಮೆ, ನೀರಲ್ಲಿ ಬಿದ್ದಿದ್ದರೆ ಅಂದೇ, ಸ್ಟಾಕ್ ತೆಗೆದು ಕೊಳವೆಯನ್ನು ಒಣಗಿಸಿ. ಪಾರಿವಾಳದ ದಿನಗಳಲ್ಲಿ ಇಷ್ಟು ಬೇಡ, ಪಿಸ್ಟನ್ ಮತ್ತು ಚೇಂಬರ್ ಒರೆಸಿದರೆ ಸಾಕು, 250 ತೋಟಾಕ್ಕೊಮ್ಮೆ ಪೂರ್ತಿ ಬಿಚ್ಚಿ.

ಜೌಗಿನಲ್ಲಿ ಇದ್ದಾಗ ಇನ್ನೊಂದು ಎಚ್ಚರ. ನಳಿಗೆಯ ತುದಿ ಕೆಸರಿಗೆ ತಾಗಿದರೆ, ತಾಗಿತೇನೋ ಎಂಬ ಅನುಮಾನ ಬಂದರೂ, ಆ ಕ್ಷಣವೇ ತೋಟಾಗಳನ್ನೆಲ್ಲ ತೆಗೆಯಿರಿ. ಜೋಡುನಳಿಗೆಯಂತೆ ಹಿಂದಿನಿಂದ ಇಣುಕಿ ನೋಡಲು ಸೆಮಿ ಆಟೊದಲ್ಲಿ ಆಗುವುದಿಲ್ಲ, ನಳಿಗೆ ಕಳಚಿಯೇ ನೋಡಬೇಕು. ತೂಕದ ಗುಂಡು ಕಟ್ಟಿದ ಹಗ್ಗದ ಒರೆಸುಬಟ್ಟೆ ಜೇಬಿನಲ್ಲಿರಲಿ. ಒಂದು ಮುಷ್ಟಿ ಕೆಸರಿನ ಹಿಂದೆ ಹಾರಿಸಿದ ಈಡು ನಳಿಗೆಯನ್ನು ಸೀಳುತ್ತದೆ, ಎಡಗೈ ಇರುವುದು ಅದರ ಹತ್ತಿರದಲ್ಲೇ.

ಪ್ರಶ್ನೆ: ನನ್ನ ಹೆಂಡತಿ ಎಡಗೈಯವಳು. ಅವಳಿಗೂ ಇದೇ ಕೋವಿ ಆದೀತೇ?
(ಓದುಗರು, ಎಕ್ಸೆಟರ್)

ಸಾಮಾನ್ಯ ಸೆಮಿ ಆಟೊ ಖಾಲಿ ಚಿಪ್ಪನ್ನು ಬಲಕ್ಕೆ ಎಸೆಯುತ್ತದೆ. ಎಡ ಹೆಗಲಿಗೆ ಇಟ್ಟರೆ ಅದು ಮುಖದ ಮುಂದೆಯೇ ಹಾರುತ್ತದೆ, ಹೊಗೆಯೂ ಮದ್ದಿನ ಕಣಗಳೂ ಕಣ್ಣಿನತ್ತ ಬರುತ್ತವೆ. ಕನ್ನಡಕ ಹಾಕಿ ಹೊಡೆಯುವವರಿದ್ದಾರೆ, ಆದರೆ ಎಡಗೈಯವರಿಗಾಗಿಯೇ ಮಾಡಿದ ಮಾದರಿ ಸಿಕ್ಕಿದರೆ ಅದನ್ನೇ ಕೊಳ್ಳಿ. ಬಲಗೈಯ ಕೋವಿಯ ಸ್ಟಾಕಿಗೂ ಬಾಡಿಗೂ ನಡುವೆ ಹಾಕುವ ತೆಳು ಬಿಲ್ಲೆಗಳನ್ನು ತಿರುಗಿಸಿದರೆ ಬಾಗು ಎಡಕ್ಕೆ ಹೊಂದುತ್ತದೆ, ಚಿಪ್ಪು ಹಾರುವ ದಿಕ್ಕು ಬದಲಾಗದು. ಸ್ಟಾಕಿನ ಉದ್ದವನ್ನು ಚಳಿಗಾಲದ ದಪ್ಪ ಕೋಟು ತೊಟ್ಟೇ ಅಳೆಯಿರಿ. ಇಬ್ಬರೂ ಒಂದೇ ಮರೆಯಲ್ಲಿ ಕೂರುವುದಾದರೆ ಬಲಗೈಯವರು ಬಲಕ್ಕೆ ಕೂರಲಿ, ಇಲ್ಲದಿದ್ದರೆ ಬಿಸಿ ಚಿಪ್ಪುಗಳು ಪಕ್ಕದವರ ಕತ್ತಿನೊಳಗೆ ಬೀಳುತ್ತವೆ. ಒಬ್ಬರು ಹೊಡೆಯುವಾಗ ಇನ್ನೊಬ್ಬರ ಕೋವಿ ಬೋಲ್ಟ್ ತೆರೆದು ಖಾಲಿ ಇರಲಿ. ಮುರಿದು ತೋರಿಸಲು ಬಾರದ ಕೋವಿ ಇದು, ತೆರೆದ ಬೋಲ್ಟೊಂದೇ ಪಕ್ಕದವರಿಗೆ ಧೈರ್ಯ.

ಪ್ರಶ್ನೆ: ನಮ್ಮಲ್ಲಿ ಮನೆತನದ ಕೋವಿ ಇದೆ, ಲೈಸೆನ್ಸಿನ ವಿನಾಯಿತಿಯೂ ಇದೆ. ಗದ್ದೆಗೆ ಬರುವ ಪಾರಿವಾಳ, ಕೆರೆಗೆ ಬರುವ ಬಾತುಗಳಿಗೆ ಸೆಮಿ ಆಟೊ ಕೊಳ್ಳಬಹುದೇ?
(ಓದುಗರು, ಗೋಣಿಕೊಪ್ಪ, ಕೊಡಗು)

ಹಕ್ಕಿ ಹೊಡೆಯಲು ಬೇಡವೇ ಬೇಡ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಗೆ ಸಂಬಂಧಿಸಿದ್ದು, ಕೋವಿ ಇಟ್ಟುಕೊಳ್ಳುವ ಮಾತು ಅದು. ಬೇಟೆಯನ್ನು ತಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದು ಎಲ್ಲರಿಗೂ ಒಂದೇ. ಕೆರೆಗೆ ಬರುವ ಕಾಡುಬಾತೂ ನಮ್ಮ ಬೆಟ್ಟಗಳ ಕಾಡುಪಾರಿವಾಳವೂ ಅದರ ರಕ್ಷಣೆಯಲ್ಲಿವೆ. ಬ್ರಿಟನ್ನಿನ ಓದುಗರಿಗೆ ಮೇಲೆ ಹೇಳಿದ್ದು ಅಲ್ಲಿನ ಕಾನೂನಿನೊಳಗಿನ ಮಾತು, ಇಲ್ಲಿಗೆ ತರುವಂಥದ್ದಲ್ಲ.

ಮಣ್ಣಿನ ತಟ್ಟೆಗೆ ಹೊಡೆಯುವ ಟ್ರ್ಯಾಪ್, ಸ್ಕೀಟ್ ಕ್ರೀಡೆಯಲ್ಲಿ ಆಸಕ್ತಿಯಿದ್ದರೆ ಅದು ಬೇರೆ. ಆಗಲೂ ಹಣ ಕೊಡುವ ಮೊದಲು ನಿಮ್ಮ ವಿನಾಯಿತಿ ಸೆಮಿ ಆಟೊಗೆ ಅನ್ವಯಿಸುತ್ತದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದು ಹಬ್ಬದಂದು ತೆಂಗಿನಕಾಯಿಗೆ ಗುರಿಯಿಡಲು ಮನೆಯ ಕೋವಿಯೇ ಚೆನ್ನ. ವರ್ಷಕ್ಕೊಮ್ಮೆ ಹೊರಬರುವ ಕೋವಿಯಾದರೆ ಅದರ ಚೇಂಬರಿನ ಉದ್ದ ಮತ್ತು ಪ್ರೂಫ್ ಮುದ್ರೆಯನ್ನು ಕೋವಿ ರಿಪೇರಿ ಬಲ್ಲವರಿಗೆ ತೋರಿಸಿ. ಹಳೆಯ ಕೋವಿಗಳಲ್ಲಿ 65 ಮಿ.ಮೀ. ಚೇಂಬರ್ ಇರುವುದುಂಟು. ಅದಕ್ಕೆ 70 ಮಿ.ಮೀ. ತೋಟಾ ಹಾಕಿದರೆ ಒಳಗೆ ಕೂರುತ್ತದೆ, ಆದರೆ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.